ಅಕ್ಕ ಕೇಳಿದಾಗ ಫೋನ್ ಇಟ್ಟುಬಿಟ್ಟೆ

ಕಾಸರಗೋಡಿನ ಬೇಳದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಪಕ್ಕದ ಮನೆಯ ಅಕ್ಕನಿಗೆ ಕ್ಯಾನ್ಸರ್. ಮಂಗಳೂರಿನ ಆಸ್ಪತ್ರೆಯಿಂದ ಮನೆಗೆ ಕರಕೊಂಡು ಬಂದಿದ್ದಾರೆ. ದಿನಾ ಗಂಜಿ ಕೊಂಡುಹೋಗಿ ಕುಡಿಸುತ್ತಿದ್ದೆ. ಯೇಸುವಿನ ಬಗ್ಗೆ ನೀನು ಹೇಳದೆ ಅವರು ತೀರಿಕೊಂಡರೆ ಆ ಲೆಕ್ಕ ನಿನ್ನ ಮೇಲೆ ಎಂದು ಪ್ರಾರ್ಥನಾ ಕೂಟದಲ್ಲಿ ಹೇಳಿದರು. ಒಂದು ಸಂಜೆ ಅಕ್ಕನ ತಲೆ ಮೇಲೆ ಕೈಯಿಟ್ಟು ಗಟ್ಟಿಯಾಗಿ ಪ್ರಾರ್ಥಿಸಿದೆ. ನಂಬಿದರೆ ಗುಣವಾಗುತ್ತದೆ ಎಂದೆ. ಅವರ ಮಗ ಕೇಳಿಸಿಕೊಂಡು “ಇನ್ನು ಬರ್ಬೇಡಿ” ಎಂದ. ಹತ್ತು ದಿನ ಕಳೆದು ಅಕ್ಕನೇ ಫೋನ್ ಮಾಡಿದರು. “ನಿಂಗೆ ಸಾಯ್ಲಿಕ್ಕೆ ಹೆದರಿಕೆ ಆಗುದಿಲ್ವಾ? ನಿಮ್ಮಲ್ಲಿ ಏನು ಹೇಳ್ತಾರೆ?” ಎಂದು ಕೇಳಿದರು. ನನಗೆ ಬಾಯಿಯೇ ಬರಲಿಲ್ಲ. ಫೋನ್ ಇಟ್ಟುಬಿಟ್ಟೆ. ಈಗೇನು ಮಾಡಲಿ?’

ಪ್ರೀತಿಯ ಸೋದರಿ,

ಮೊದಲು ಆ ಫೋನಿನ ವಿಷಯ. ಸಂಜೆ ನಡೆದದ್ದಕ್ಕಿಂತ ನನಗೆ ಅದೇ ಜಾಸ್ತಿ ಕಾಡಿತು. ಯಾರೂ ಕೇಳದಿದ್ದಾಗ ನೀವು ಗಟ್ಟಿಯಾಗಿ ಮಾತಾಡಿದಿರಿ. ಕೇಳಿದಾಗ ಸುಮ್ಮನಾದಿರಿ.

ಯೇಸುವನ್ನು ಹಿಡಿದ ರಾತ್ರಿಯನ್ನು ನೆನಪು ಮಾಡಿಕೊಳ್ಳಿ. ಅಂಗಳದಲ್ಲಿ ಬೆಂಕಿ ಕಾಯಿಸುತ್ತಿದ್ದ ಶಿಷ್ಯ ಪೇತ್ರನನ್ನು ಒಬ್ಬ ಕೆಲಸದ ಹುಡುಗಿ ಗುರುತು ಹಿಡಿದಳು. ಅವನು ಮೂರು ಸಲ ‘ಆ ಮನುಷ್ಯನನ್ನು ನಾನರಿಯೆ’ ಎಂದ. ಬೆಳಗಾದ ಮೇಲೆ ಗಲಿಲಾಯವನ್ನು ಆಳುತ್ತಿದ್ದ ಹೆರೋದ ಯೇಸುವಿಗೆ ಎಷ್ಟೋ ಪ್ರಶ್ನೆ ಹಾಕಿದ. ಅವನಿಗೆ ಒಂದು ಪವಾಡ ನೋಡುವ ಆಸೆ, ಅಷ್ಟೇ. ಯೇಸು ಒಂದಕ್ಕೂ ಉತ್ತರ ಕೊಡಲಿಲ್ಲ. ಪೇತ್ರನ ಬಾಯಿ ಕಟ್ಟಿದ್ದು ಹೆದರಿಕೆ. ಯೇಸುವಿನ ಮೌನದಲ್ಲಿ ಹೆದರಿಕೆ ಇರಲಿಲ್ಲ. ನೀವು ಫೋನ್ ಇಟ್ಟದ್ದು ಯಾವುದರಿಂದ? ನಿಮಗೆ ಗೊತ್ತಿದೆ, ಅಲ್ವಾ? ಆದರೆ ಮುಂದೆ ಅದೇ ಪೇತ್ರನ ಹೆಸರಿನ ಪತ್ರದಲ್ಲಿ ಒಂದು ಮಾತಿದೆ: ನಿಮ್ಮ ನಿರೀಕ್ಷೆಗೆ ಕಾರಣವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ, ಆದರೆ ಸಾತ್ವಿಕತ್ವದಿಂದ. ‘ಕೇಳುವವರಿಗೆ’ ಎಂಬ ಮಾತನ್ನು ನಾವು ಓದಿಕೊಂಡು ಮುಂದೆ ಹೋಗಿಬಿಡುತ್ತೇವೆ.

ಕೂಟದವರು ಬೈಬಲಿನ ಯೆಹೆಜ್ಕೇಲನ ಪುಸ್ತಕದ ಕಾವಲುಗಾರನನ್ನು ನೆನೆಸಿಕೊಂಡು ಹೇಳಿರಬೇಕು. ಅವನು ಎಚ್ಚರಿಸದೆ ಯಾರಾದರೂ ಸತ್ತರೆ ಲೆಕ್ಕ ಅವನ ಮೇಲೆ ಎಂದಿದೆ ಅಲ್ಲಿ. ಆ ಮಾತು ದೇವರು ಒಬ್ಬ ಪ್ರವಾದಿಗೆ ಅವನ ಸ್ವಂತ ಜನರ ವಿಷಯದಲ್ಲಿ ಹೇಳಿದ್ದು. ಹಾಸಿಗೆ ಬಿಟ್ಟು ಏಳಲಾಗದ ಹೆಂಗಸಿನ ಮುಂದೆ ಅದನ್ನು ಹೊತ್ತುಕೊಂಡು ಹೋಗಬೇಡಿ. ಗುಣವಾಗುತ್ತದೆ ಎಂದು ಮಾತು ಕೊಡುವುದು ನಿಮ್ಮ ಕೈಯಲ್ಲಿ ಇರಲಿಲ್ಲ. ಗುಣವಾಗದಿದ್ದರೆ ‘ನನ್ನ ನಂಬಿಕೆ ಸಾಲಲಿಲ್ಲ’ ಎಂಬ ನೋವೂ ಅವರ ಮೇಲೆ ಬೀಳುತ್ತದೆ. ಮಗನಿಗೆ ಸಿಟ್ಟು ಬಂದದ್ದು ಸಹಜ.

ನಾನೂ ಹೀಗೆ ಮಾಡಿದ್ದೇನೆ. ಮಗನನ್ನು ಕಳಕೊಂಡ ಗೆಳತಿ ಅಳುತ್ತಿರುವಾಗಲೇ ಪರಲೋಕದ ಮಾತು ತೆಗೆದಿದ್ದೆ. ಅವಳು ಎದ್ದು ಒಳಗೆ ಹೋದಳು. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳಕೊಂಡ ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರಂತೆ. ಅವರು ಎಡವಿದ್ದು ಬಾಯಿ ತೆರೆದ ಮೇಲೆ. ಅದು ನನಗೆ ಅರ್ಥವಾದದ್ದು ಆ ದಿನದ ನಂತರವೇ.

ಧರ್ಮದ ಬಗ್ಗೆ ಹೇಳುವ ಹಕ್ಕು ಸಂವಿಧಾನದ 25ನೇ ವಿಧಿಯಲ್ಲಿದೆ, ನಿಜ. ಆದರೆ ಇಲ್ಲಿ ಹಕ್ಕಿನ ಮಾತು ಬೇಡ. ಯೇಸುವಿನ ಹೆಸರು ಅಕ್ಕನಿಗೆ ಹೊಸತೂ ಅಲ್ಲ. ಬೇಳದ ಇಗರ್ಜಿ 1890ರಿಂದ ಅಲ್ಲೇ ನಿಂತಿದೆ. ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಎಂಬ ಕಾವ್ಯವನ್ನೇ ಬರೆದರು. ಅಕ್ಕ ಕೇಳಿದ್ದು ನಿಮ್ಮ ಹೆದರಿಕೆಯ ಬಗ್ಗೆ.

ನಾಳೆ ಮೊದಲು ಮಗನಲ್ಲಿ ಮಾತಾಡಿ. ‘ಕೇಳದೆ ಹಾಗೆ ಮಾಡಬಾರದಿತ್ತು, ತಪ್ಪಾಯಿತು’ ಎನ್ನಿ. ‘ಆದರೆ’ ಎಂದು ಸೇರಿಸಬೇಡಿ. ಅಮ್ಮ ಫೋನ್ ಮಾಡಿದ್ದನ್ನೂ ಅವನಿಂದ ಮುಚ್ಚಿಡಬೇಡಿ. ಅವನು ಒಪ್ಪಿದರೆ ಗಂಜಿ ತೆಗೆದುಕೊಂಡು ಹೋಗಿ. ಒಪ್ಪದಿದ್ದರೆ ಅಕ್ಕನ ಫೋನ್ ಇನ್ನೊಮ್ಮೆ ಬಂದಾಗ ಇಡಬೇಡಿ. ‘ಅವತ್ತು ಕೇಳಿದ್ರಲ್ಲ, ಹೇಳ್ಲಾ?’ ಎಂದು ಕೇಳಿ. ಹೂಂ ಎಂದರೆ ನಿಮಗೆ ಎಷ್ಟು ಗೊತ್ತೋ ಅಷ್ಟೇ ಹೇಳಿ. ರಾತ್ರಿ ನಿಮಗೂ ಹೆದರಿಕೆಯಾಗುತ್ತದಾದರೆ ಅದನ್ನೂ ಹೇಳಿ, ಆಗ ನೀವು ಯಾರನ್ನು ಕರೆಯುತ್ತೀರಿ ಎಂಬುದನ್ನೂ ಹೇಳಿ. ಬೇಡ ಎಂದರೆ ಸುಮ್ಮನಿರಿ; ಮನೆಗೆ ಹೋಗಿದ್ದರೆ ಬೆನ್ನು ತಿಕ್ಕಿ, ಹೊದಿಕೆ ಸರಿ ಮಾಡಿ ಬನ್ನಿ. ಅವರಿಗಾಗಿ ನಿಮ್ಮ ಪ್ರಾರ್ಥನೆ ಮನೆಯಲ್ಲಿ ನಡೆಯಲಿ.