ಎರಡೂ ಮನೆ ತುಂಬಿದ್ದಾಗಲೂ ಬಾರದ ನಿದ್ದೆ

ಗಲ್ಫಿನಲ್ಲಿ ಗಳಿಸಿದ ಉಳಿತಾಯಕ್ಕೆ ಬ್ಯಾಂಕಿನ ಸಾಲವನ್ನು ಸೇರಿಸಿ ಬಾಡಿಗೆಯ ಆಸೆಯಿಂದ ಮನೆ ಕೊಂಡು, ಒಂದೆರಡು ವರ್ಷಗಳಲ್ಲಿಯೇ ನಿದ್ದೆಗೆಟ್ಟು ಆಪ್ತಸಲಹೆಗೆಂದು ನನ್ನಲ್ಲಿಗೆ ಬರುವವರು ಈಚೆಗೆ ಹೆಚ್ಚಾಗಿದ್ದಾರೆ. ಅವರಲ್ಲಿ ಒಬ್ಬರ ಪ್ರಕರಣವನ್ನು ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಅವರು ಬದಿಯಡ್ಕದ ಕಡೆಯ 47 ವರ್ಷದ ಗೃಹಸ್ಥರು. ಊರಿನಲ್ಲಿ ಸ್ವಲ್ಪ ಅಡಿಕೆ ತೋಟವಿದೆ. ಕಾಸರಗೋಡು ನಗರಸಭೆಯ ವ್ಯಾಪ್ತಿಯಲ್ಲಿ ಮೇಲೊಂದು ಕೆಳಗೊಂದು ಸಂಸಾರ ಇರಬಹುದಾದ ಮನೆಯನ್ನು ಎರಡು ವರ್ಷಗಳ ಹಿಂದೆ ಕೊಂಡಿದ್ದರು. ಕೆಳಗಿನ ಮನೆಯವರು ಐದು ತಿಂಗಳಿಂದ ಬಾಡಿಗೆ ಕೊಟ್ಟಿರಲಿಲ್ಲ.

ಎರಡನೆಯ ಭೇಟಿಗೆ ಅವರು ಪತ್ನಿಯೊಂದಿಗೆ ಬಂದರು. ಕುಳಿತವರೇ, "ನಾಳೆ ಹೋಗಿ ಬೇರೆ ಬೀಗ ಜಡಿಯುತ್ತೇನೆ ಟೀಚರೇ, ಸಾಮಾನನ್ನೆಲ್ಲ ಅಂಗಳಕ್ಕೆ ಹಾಕಿಸುತ್ತೇನೆ" ಎಂದರು. ಅವರ ಕೈ ನಡುಗುತ್ತಿತ್ತು. ಸಮಾಧಾನದ ಮಾತು ಹೇಳಲು ನಾನು ಬಾಯಿ ತೆರೆಯುವ ಮೊದಲೇ, ಅಲ್ಲಿಯವರೆಗೆ ಸುಮ್ಮನಿದ್ದ ಅವರ ಪತ್ನಿ ಹೇಳಿದರು: "ಬಾಡಿಗೆಯವರನ್ನು ದೂರಿ ಏನು ಫಲ ಟೀಚರೇ? ಎರಡೂ ಮನೆ ತುಂಬಿ, ಐದನೇ ತಾರೀಕಿಗೆ ಸರಿಯಾಗಿ ಹಣ ಬರುತ್ತಿದ್ದಾಗಲೂ ಇವರು ನಡುರಾತ್ರಿ ಎದ್ದು ಜಗಲಿಯಲ್ಲಿ ಕೂರುತ್ತಿದ್ದರು."

ಅವರು ಪತ್ನಿಯ ಮುಖ ನೋಡಿದರು, ಇಲ್ಲವೆನ್ನಲಿಲ್ಲ. ನಾನು ಒಂದು ಹಾಳೆ ತೆಗೆದುಕೊಟ್ಟು, ತೋಟದ ಲೆಕ್ಕ ಬರೆಯುವ ಹಾಗೆಯೇ ಈ ಮನೆಯ ಲೆಕ್ಕವನ್ನೂ ಬರೆಯಲು ಹೇಳಿದೆ. ಸಾಲ 30 ಲಕ್ಷ, ಬಡ್ಡಿ ಶೇಕಡಾ 9, ಅವಧಿ 20 ವರ್ಷ. ತಿಂಗಳ ಕಂತು 26,992 ರೂಪಾಯಿ. ಎರಡು ಮನೆಗಳ ಬಾಡಿಗೆ ತಲಾ 9,000. ಅಂದರೆ ಎಲ್ಲವೂ ಸರಿಯಾಗಿ ನಡೆದ ತಿಂಗಳಲ್ಲಿಯೂ 8,992 ರೂಪಾಯಿ ಕೈಯಿಂದ ಹೋಗುತ್ತಿತ್ತು. ಕಟ್ಟಡ ತೆರಿಗೆ, ಪಂಪಿನ ರಿಪೇರಿ, ಮಳೆಗಾಲದ ಸೋರಿಕೆಯ ಖರ್ಚು ಬೇರೆ. ಎರಡು ವರ್ಷಗಳಲ್ಲಿ ಕಟ್ಟಿದ ಸುಮಾರು ಆರೂವರೆ ಲಕ್ಷದಲ್ಲಿ ಅಸಲಿಗೆ ಸಂದದ್ದು ಒಂದು ಲಕ್ಷದ ಹದಿನೆಂಟು ಸಾವಿರದಷ್ಟು ಮಾತ್ರ. ಕೊರತೆಯನ್ನು ಅಡಿಕೆಯ ಹಣ ತುಂಬುತ್ತಿತ್ತು. ಕೊಳೆರೋಗದಿಂದ ಫಸಲು ಕೈಕೊಟ್ಟ ವರ್ಷವೇ ಕೆಳಗಿನ ಬಾಡಿಗೆಯೂ ನಿಂತಿತು. ಬಹಳ ಹೊತ್ತು ಆ ಹಾಳೆಯನ್ನು ನೋಡುತ್ತಿದ್ದ ಅವರು, "ನಾನು ಬಾಡಿಗೆಯನ್ನು ಮಾತ್ರ ಎಣಿಸಿದ್ದೆ" ಎಂದರು.

ಆಪ್ತಸಲಹೆಗೆಂದು ಬಂದವರಿಗೆ ಬಡ್ಡಿಯ ಲೆಕ್ಕ ಹೇಳುವುದು ನನ್ನ ಕೆಲಸವಲ್ಲ ಎಂದು ಪರಿಚಿತರೊಬ್ಬರು ಆಕ್ಷೇಪಿಸಿದ್ದುಂಟು. ಲೆಕ್ಕದಿಂದ ಕೆಟ್ಟ ನಿದ್ದೆಯನ್ನು ಉಸಿರಾಟದ ಅಭ್ಯಾಸವೊಂದೇ ಮರಳಿ ತರುತ್ತದೆಂದು ನಾನು ನಂಬುವುದಿಲ್ಲ. ತಮ್ಮ ಲೆಕ್ಕದ ತಪ್ಪನ್ನು ಒಪ್ಪಿಕೊಳ್ಳಲಾರದ ಮನಸ್ಸು ಆ ಸಿಟ್ಟನ್ನೆಲ್ಲ ಎದುರಿಗಿರುವ ಬಾಡಿಗೆದಾರನ ಮೇಲೆ ಹೊರಿಸುತ್ತದೆ ಎಂಬುದನ್ನು ಇಂತಹ ಮನೆಗಳಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ.

ಬೀಗ ಜಡಿಯುವುದನ್ನು ಮಾತ್ರ ನಾನು ಖಡಾಖಂಡಿತವಾಗಿ ತಡೆದೆ. ಬಾಡಿಗೆದಾರರ ಪಕ್ಷ ವಹಿಸಿದೆನೆಂದು ಅವರಿಗೆ ಆಗ ಅನಿಸಿತಂತೆ. ಆದರೆ 1965ರ ಕೇರಳದ ಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯಿಸುವಲ್ಲಿ ಮಾಲೀಕರು ತಾವಾಗಿ ಬಾಡಿಗೆದಾರರನ್ನು ಹೊರಹಾಕುವಂತಿಲ್ಲ, ನೀರು ಬೆಳಕನ್ನು ಕಡಿಯುವಂತೆಯೂ ಇಲ್ಲ. ಬಾಕಿಯನ್ನು ತಿಳಿಸಿ ರಿಜಿಸ್ಟರ್ಡ್ ನೋಟಿಸು ಕೊಟ್ಟು, ಅದು ತಲುಪಿ 15 ದಿನಗಳಾದರೂ ಹಣ ಬಾರದಿದ್ದರೆ ಬಾಡಿಗೆ ನಿಯಂತ್ರಣ ನ್ಯಾಯಾಲಯಕ್ಕೆ ಹೋಗುವುದೇ ದಾರಿ. ಅವರ ಬಳಿಯಿದ್ದುದು 11 ತಿಂಗಳ ಕರಾರುಪತ್ರ. ಅವಧಿ ಮುಗಿದ ಕೂಡಲೇ ಬಾಡಿಗೆದಾರರು ತಾವಾಗಿ ಮನೆ ಬಿಡಬೇಕಾಗುತ್ತದೆ ಎಂದು ಅವರು ನಂಬಿದ್ದರು. ಒಂದು ವರ್ಷ ಮೀರುವ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುವುದರಿಂದ 11 ತಿಂಗಳೆಂದು ಬರೆಯುವ ರೂಢಿ ಬಂದಿದೆಯೇ ಹೊರತು ಬೇರೆ ಬಲ ಅದಕ್ಕಿಲ್ಲ. ಆ ಪತ್ರ ಮಲಯಾಳದಲ್ಲಿತ್ತು. ಕನ್ನಡ ಶಾಲೆಯಲ್ಲಿ ಓದಿದ ಇವರು ಸಂಕೋಚದಿಂದ ಓದಿ ಹೇಳಿಸಿಕೊಳ್ಳದೆಯೇ ಸಹಿ ಹಾಕಿದ್ದರು. ಅರ್ಥವಾಗದ ಭಾಷೆಯ ಕಾಗದವನ್ನು ನಂಬಿಕಸ್ತರಿಂದ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿಸಿಕೊಳ್ಳುವುದರಲ್ಲಿ ಯಾವ ಅವಮಾನವೂ ಇಲ್ಲವೆಂದು ನಮ್ಮ ಗಡಿನಾಡಿನವರಿಗೆ ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಸಾಲದ ಬಗ್ಗೆ ಹೇಳಿದ್ದು ಇಷ್ಟು: ಕುಂಬಳೆಯ ಹತ್ತಿರ ಸುಮ್ಮನೆ ಬಿದ್ದಿರುವ ಹತ್ತು ಸೆಂಟ್ಸ್ ಜಾಗವನ್ನು ಮಾರಿ 10 ಲಕ್ಷವನ್ನು ಅಸಲಿಗೆ ಕಟ್ಟಿದರೆ, ಉಳಿದ ಅವಧಿಗೆ ಕಂತು ಸುಮಾರು 17,600ಕ್ಕೆ ಇಳಿಯುತ್ತದೆ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಹೀಗೆ ಮುಂಚಿತವಾಗಿ ತೀರಿಸುವ ವ್ಯಕ್ತಿಗಳಿಂದ ಬ್ಯಾಂಕು ದಂಡ ಕೇಳುವಂತಿಲ್ಲ. ಆಗಲೂ ವರ್ಷಕ್ಕೆ ಎರಡು ತಿಂಗಳು ಮನೆ ಖಾಲಿಯಿರುತ್ತದೆಂದೇ ಎಣಿಸಬೇಕು; ಬಾಡಿಗೆದಾರರ ಮುಂಗಡವನ್ನು ಬೇರೆಯೇ ಖಾತೆಯಲ್ಲಿಡಬೇಕು, ಏಕೆಂದರೆ ಅದು ಹಿಂತಿರುಗಿಸಬೇಕಾದ ಹಣ. ಹೊಸದಾಗಿ ಕೊಳ್ಳಲು ಹೊರಟವರು ಈ ಹಾಳೆಯನ್ನು ಸಾಲದ ಅರ್ಜಿಗೆ ಮೊದಲೇ, ಗಂಡ ಹೆಂಡತಿ ಇಬ್ಬರೂ ಕುಳಿತು ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ನೋಟಿಸು ತಲುಪಿದ ಮೇಲೆ ಕೆಳಗಿನ ಮನೆಯವರು ಬಂದು ಮಾತಾಡಿ, ಎರಡು ತಿಂಗಳ ಬಾಕಿಯನ್ನು ಕೊಟ್ಟಿದ್ದಾರೆ. ಕುಂಬಳೆಯ ಜಾಗ ಮಾತ್ರ ತೀರಿಹೋದ ತಂದೆಯವರು ತೆಗೆದದ್ದು. ಅದನ್ನು ಮಾರುವ ಮಾತನ್ನು ಇವರು ತಾಯಿಯವರಲ್ಲಿ ಇನ್ನೂ ಎತ್ತಿಲ್ಲ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.