ಇಬ್ಬರ ರಕ್ತವೂ ಸರಿ ಇದ್ದಮೇಲೆ ಆ ಒಂದು ಪರ್ಸೆಂಟ್ ಯಾಕೆ?

ಪ್ರಶ್ನೆ: ಮಗಳಿಗೆ ನಾಲ್ಕು ವರ್ಷ. ಆರು ತಿಂಗಳ ಕೂಸಾಗಿದ್ದಾಗ ಜ್ವರದ ಜೊತೆ ಫಿಟ್ಸ್ ಶುರುವಾಯಿತು. ಈಗ ಮಾತೂ ತಡ. ಎಸ್‌ಸಿಎನ್‌1ಎ ಜೀನ್‌ನಲ್ಲಿ ದೋಷವಿದೆ, ಡ್ರಾವೆಟ್ ಸಿಂಡ್ರೋಮ್ ಎಂದರು. ನಮ್ಮಿಬ್ಬರ ರಕ್ತದಲ್ಲಿ ಆ ದೋಷ ಸಿಕ್ಕಿಲ್ಲ. ಆದರೂ ಎರಡನೇ ಮಗುವಿಗೆ ಶೇ. 1ರಷ್ಟು ಅಪಾಯ ಅಂತಾರೆ. ಮನೆಯವರೆಲ್ಲ ನನ್ನನ್ನೇ ದೂರುತ್ತಾರೆ.
– ಒಬ್ಬ ತಾಯಿ

ಉತ್ತರ: ಮೊದಲು ಆ ದೂರಿನ ಮಾತು. ಮಕ್ಕಳಲ್ಲಿ ಹೊಸದಾಗಿ ಕಾಣುವ ಇಂಥ ಬದಲಾವಣೆಗಳಲ್ಲಿ ಸುಮಾರು ಮುಕ್ಕಾಲು ಪಾಲು ತಂದೆಯ ವೀರ್ಯಾಣುವಿನಿಂದ ಬರುತ್ತವೆ. ಹಾಗಂತ ತಪ್ಪು ಅವರದ್ದೂ ಅಲ್ಲ. ಜೀವಕೋಶ ಒಡೆದು ಎರಡಾಗುವಾಗ ನಕಲು ತಪ್ಪುತ್ತದೆ, ಅಷ್ಟೇ. ಮನೆಯವರಿಗೆ ಇದನ್ನು ಓದಿ ಹೇಳಿ.

ಇನ್ನು ಆ ಒಂದು ಪರ್ಸೆಂಟ್. ಅದು ನಿಮ್ಮ ಲೆಕ್ಕವಲ್ಲ, ಎಲ್ಲ ದಂಪತಿಗಳ ಸರಾಸರಿ. ಹೆಚ್ಚಿನವರಿಗೆ ಅಪಾಯ ಇಲ್ಲವೆನ್ನುವಷ್ಟು ಕಡಿಮೆ. ಕೆಲವರಿಗೆ ಮಾತ್ರ ಜಾಸ್ತಿ, ಕೆಲವೊಮ್ಮೆ ಶೇ. 50ರ ಹತ್ತಿರ. ಯಾಕೆಂದರೆ ನಕಲಿನ ತಪ್ಪು ತಂದೆ ಅಥವಾ ತಾಯಿ ಇನ್ನೂ ಭ್ರೂಣವಾಗಿದ್ದಾಗಲೇ ಆಗಿರಬಹುದು. ಆಗ ಅವರ ಕೆಲವು ಕೋಶಗಳಲ್ಲಿ ದೋಷ ಇರುತ್ತದೆ, ಉಳಿದವು ಸರಿ ಇರುತ್ತವೆ. ಇದೇ ಮೊಸಾಯಿಸಿಸಂ. ಅವರು ಹೆಚ್ಚಾಗಿ ಆರೋಗ್ಯವಾಗಿಯೇ ಇರುತ್ತಾರೆ. ದೋಷ ರಕ್ತದಲ್ಲಿ ತೀರಾ ಕಡಿಮೆ ಇದ್ದರೆ ಸಾಮಾನ್ಯ ಪರೀಕ್ಷೆಗೆ ಸಿಗುವುದಿಲ್ಲ. ವೀರ್ಯ ಅಥವಾ ಅಂಡಾಣುಗಳಲ್ಲಷ್ಟೇ ಇದ್ದರಂತೂ ರಕ್ತ ನೋಡಿ ಏನು ಪ್ರಯೋಜನ? ನಿಮ್ಮ ಮಗಳದ್ದರಂಥ ತೀವ್ರ ಎಪಿಲೆಪ್ಸಿ ಇರುವ 120 ಕುಟುಂಬಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿದ ಅಧ್ಯಯನವೊಂದು 2018ರಲ್ಲಿ ಬಂತು. ಹತ್ತು ಕುಟುಂಬಗಳಲ್ಲಿ ಅಪ್ಪ ಅಥವಾ ಅಮ್ಮನಲ್ಲಿ ಮೊಸಾಯಿಸಿಸಂ ಸಿಕ್ಕಿತು. ಹಾಗಾಗಿ ರಿಪೋರ್ಟ್‌ನಲ್ಲಿ 'ಡಿ ನೋವೋ' (ಅಂದರೆ ಮಗುವಿನಲ್ಲೇ ಹೊಸದಾಗಿ ಆದದ್ದು) ಎಂದು ಕಂಡ ಕೂಡಲೇ ಫೈಲ್ ಮುಚ್ಚಿಡುವುದು ನನಗಂತೂ ಸರಿ ಕಾಣುವುದಿಲ್ಲ.

ಇಬ್ಬರ ರಕ್ತ, ಜೊಲ್ಲಿನಲ್ಲಿ ಆ ಒಂದೇ ಜಾಗವನ್ನು ಸಾವಿರಾರು ಸಲ ಓದುವ 'ಡೀಪ್ ಸೀಕ್ವೆನ್ಸಿಂಗ್' ಮಾಡಿಸಬಹುದೇ ಎಂದು ಕೇಳಿ. ಯಜಮಾನರ ವೀರ್ಯವನ್ನೂ ಹೀಗೆ ನೋಡಬಹುದು. ಅಲ್ಲಿ ನೂರರಲ್ಲಿ ಐದು ವೀರ್ಯಾಣುಗಳಲ್ಲಿ ದೋಷ ಸಿಕ್ಕರೆ ಅಪಾಯವೂ ಶೇ. 5ರ ಆಸುಪಾಸು. ಅಂಡಾಣುವಿಗೆ ಈ ದಾರಿ ಇಲ್ಲ. ಆದರೆ ಮಗಳ ದೋಷ ತಂದೆಯಿಂದ ಬಂದ ಜೀನ್‌ನ ಪ್ರತಿಯಲ್ಲಿದೆ ಎಂದು ಗೊತ್ತಾಗಿ, ವೀರ್ಯವೂ ಸರಿ ಇದ್ದರೆ ನೀವು ಬಹುಪಾಲು ನಿರಾಳ.

ಗರ್ಭ ನಿಂತ ಮೇಲೂ ಪರೀಕ್ಷೆ ಇದೆ. 11ರಿಂದ 13 ವಾರದೊಳಗೆ ಮಾಸುವಿನ ಚೂರು, ಇಲ್ಲವೇ 15 ವಾರ ದಾಟಿದ ಮೇಲೆ ಗರ್ಭದ ನೀರು ತೆಗೆದು ನೋಡುತ್ತಾರೆ. ಮಗಳ ರಿಪೋರ್ಟ್‌ನಲ್ಲಿರುವ ಅದೇ ಬದಲಾವಣೆಯನ್ನು ಹುಡುಕಬೇಕಾದ್ದರಿಂದ ಅದರ ಪೂರ್ತಿ ಪ್ರತಿ ಇಟ್ಟುಕೊಂಡಿರಿ. ಜೆನೆಟಿಕ್ ಕೌನ್ಸೆಲರ್ ಅವರನ್ನು ಗರ್ಭಕ್ಕೆ ಮುಂಚೆಯೇ ಕಾಣಿ, ಫಲಿತಾಂಶ ಬರಲು ವಾರಗಟ್ಟಲೆ ಹಿಡಿಯುತ್ತದೆ.