ನಿಯಮ ಗೊತ್ತಿಲ್ಲದಿದ್ದರೂ ಓದಬಹುದು

ಬೇಸ್‌ಬಾಲ್ ಗಂಧವೇ ಇಲ್ಲ, ಕಾದಂಬರಿಯಿಂದ ಶುರು ಮಾಡಲೋ ಇತಿಹಾಸದಿಂದಲೋ ಅಂತ ಕೇಳಿದ್ದೀರಿ. ನಾನಾದರೆ ಇತಿಹಾಸ ಅನ್ನುತ್ತೇನೆ, ಅದರಲ್ಲೂ ಆಧುನಿಕ ಕಾಲದಲ್ಲಿ ಅಮೆರಿಕದ ಮೇಜರ್ ಲೀಗ್‌ನಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಜಾಕಿ ರಾಬಿನ್ಸನ್‌ನಿಂದ. 1947ರ ಏಪ್ರಿಲ್ 15ರಂದು ಅವನು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಪರ ಕಣಕ್ಕಿಳಿದಾಗ ಅಮೆರಿಕದ ಸೇನೆಯಲ್ಲೂ ಕಪ್ಪು ಜನರಿಗೆ ಬೇರೆ ತುಕಡಿ. ಶಾಲೆಗಳ ವರ್ಣಭೇದ ತಪ್ಪೆಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1954ರಲ್ಲಿ! ಜೂಲ್ಸ್ ಟೈಗಿಯಲ್ ಬರೆದ ‘ಬೇಸ್‌ಬಾಲ್ಸ್ ಗ್ರೇಟ್ ಎಕ್ಸ್‌ಪೆರಿಮೆಂಟ್’ ಇದನ್ನು ಚೆನ್ನಾಗಿ ಬಿಡಿಸಿಡುತ್ತದೆ.

ಆಮೇಲೆ ಬರ್ನಾರ್ಡ್ ಮಲಮಡ್‌ನ ಬೇಸ್‌ಬಾಲ್ ಕಾದಂಬರಿ ‘ದಿ ನ್ಯಾಚುರಲ್’ ಹಿಡಿಯಿರಿ. ನಾಯಕನಿಗೆ ಹೋಟೆಲ್ ಕೋಣೆಯಲ್ಲಿ ಹೆಣ್ಣೊಬ್ಬಳು ಗುಂಡು ಹೊಡೆಯುವುದು ಸಿನಿಮೀಯ ಅನ್ನಿಸಬಹುದು. ಆದರೆ 1949ರಲ್ಲಿ ಷಿಕಾಗೋದ ಹೋಟೆಲೊಂದರಲ್ಲಿ ಎಡ್ಡಿ ವೈಟ್ಕಸ್ ಎಂಬ ಆಟಗಾರನಿಗೆ ಅಭಿಮಾನಿಯೊಬ್ಬಳು ನಿಜಕ್ಕೂ ಗುಂಡು ಹಾರಿಸಿದ್ದಳು.

ನಿಯಮಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೂರು ಸ್ಟ್ರೈಕ್‌ಗೆ (ಬೀಸಿ ತಪ್ಪಿದ ಅಥವಾ ಹೊಡೆಯದೆ ಬಿಟ್ಟ ಸರಿಯಾದ ಎಸೆತ) ಬ್ಯಾಟರ್ ಔಟ್, ಮೂರು ಔಟ್‌ಗೆ ಸರದಿ ಬದಲು. ಸದ್ಯಕ್ಕೆ ಇಷ್ಟು ಸಾಕು.